ದುಡಿಯುವ ಹಲ್ಲು

ಬಾಯಿಂದ ಹೊಟ್ಟೆ ಹೊರೆಯುವವರ ಮನೆಯಲ್ಲಿ ಹಲ್ಲಿನ ಪ್ರಸಂಗಗಳಿಗೆ ಬರವಿಲ್ಲ. ಒಂದು ಹಲ್ಲು ಅಲುಗಾಡಿದರೆ ಒಂದು ಕಥೆ, ಬಿದ್ದರೆ ಇನ್ನೊಂದು, ಕಟ್ಟಿಸಿಕೊಂಡರೆ ಮತ್ತೊಂದು.

ನಮ್ಮ ಮನೆಯವರು ಗದಗಿಗೆ ಅಂಟಿಕೊಂಡ ಬೆಟಗೇರಿಯ ಒಂದು ಬ್ಯಾಂಡ್ ಮೇಳದಲ್ಲಿ ಕ್ಲಾರಿಯೋನೆಟ್ ಊದುತ್ತಿದ್ದರು. ನಾನು ಅಲ್ಲಿಯೇ ಶಾಲೆಯಲ್ಲಿ ಒಂದನೇ ಇಯತ್ತೆಗೆ ಕಲಿಸುತ್ತಿದ್ದೆ. ಹಗಲೆಲ್ಲ ಹಾಲುಹಲ್ಲು ಬಿದ್ದ ಮಕ್ಕಳ ನಡುವೆ ಇದ್ದು ಸಂಜೆ ಮನೆಗೆ ಬಂದರೆ ಅಲ್ಲಿಯೂ ಅದೇ ವಿಷಯ. ಶಾಲೆಯ ಹಲ್ಲು ಮತ್ತೆ ಬರುತ್ತಿದ್ದವು, ಅಷ್ಟೇ ವ್ಯತ್ಯಾಸ.

ಈಗ ಅವರಿಲ್ಲ. ಮನೆ ಬಹಳ ಸ್ವಚ್ಛವಾಗಿದೆ. ಇಟ್ಟ ವಸ್ತು ಇಟ್ಟಲ್ಲಿಯೇ ಇರುತ್ತದೆ. ನೆನಪು ಮಾತ್ರ ಹಾಗಿರುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಓದುವವರಿಗೆ ಒಂದು ಮಾತು ಮೊದಲೇ ಸ್ಪಷ್ಟವಾಗಬೇಕು. ಕ್ಲಾರಿಯೋನೆಟ್ ಬರೀ ತುಟಿಯಿಂದ ಊದುವ ವಾದ್ಯವಲ್ಲ. ಬಾಯಲ್ಲಿ ಇಡುವ ಅದರ ಕರಿ ಮೂತಿಯ ಮೇಲೆ ಮೇಲಿನ ಮುಂದಿನ ಎರಡು ಹಲ್ಲು ಊರಬೇಕು. ಕೆಳತುಟಿಯನ್ನು ಒಳಕ್ಕೆ ಮಡಚಿ ಕೆಳಗಿನ ಹಲ್ಲಿನ ಮೇಲೆ ಹಾಸಿಗೆಯಂತೆ ಹಾಸಬೇಕು. ಆ ಹಾಸಿಗೆಯ ಮೇಲೆ ರೀಡು ಎಂಬ ತೆಳ್ಳನೆಯ ಪಟ್ಟಿ ಕುಣಿದಾಗ ಸ್ವರ ಹುಟ್ಟುತ್ತದೆ. ಮೇಲಿನ ಹಲ್ಲು ಸಡಿಲಾದರೆ ವಾದ್ಯ ಬಾಯಲ್ಲಿ ಗಟ್ಟಿಯಾಗಿ ನಿಲ್ಲುವುದಿಲ್ಲ. ಕೆಳಗಿನದು ಚೂಪಾದರೆ ತುಟಿ ಕೊಯ್ಯುತ್ತದೆ. ಹಲ್ಲೇ ಇಲ್ಲದಿದ್ದರೆ ಭಾರವೆಲ್ಲ ತುಟಿಯ ಮೇಲೆ ಬಿದ್ದು ಅದು ಬೇಗ ಸೋಲುತ್ತದೆ.

ನಮ್ಮ ಮಾವನವರು ದೇವಸ್ಥಾನದಲ್ಲಿ ಸನಾದಿ ಊದುತ್ತಿದ್ದವರು. ಅವರಿಗೆ ಒಸಡಿನ ಬೇನೆಯಿಂದ ನಡುವಯಸ್ಸಿನಲ್ಲೇ ಹಲ್ಲು ಉದುರಿದ್ದವು. ಮಗನಿಗೂ ಅದೇ ಒಸಡು ಬಂದಿತ್ತು. ಅದು ಗೊತ್ತಿದ್ದೂ ಇವರು ನಮ್ಮ ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ ಎಲ್ಲರ ಮುಂದೆ, "ಈಕಿ ಅಕ್ಕಿಕಾಳಿಗೆ ನಾನ ಊದಾಂವ" ಎಂದುಬಿಟ್ಟರು. ವಧೂವರರ ಮೇಲೆ ಅಕ್ಕಿಕಾಳು ಬೀಳುವ ಗಳಿಗೆಯ ವಾದ್ಯ ಎಂದರೆ ಮದುವೆಯ ಜೀವ. ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಪಂದ್ಯ ಶುರುವಾಯಿತು. ಮಗಳು ಮೊದಲು ದೊಡ್ಡವಳಾಗುತ್ತಾಳೋ, ಅಪ್ಪನ ಹಲ್ಲು ಮೊದಲು ಬೀಳುತ್ತವೋ.

ಕಬ್ಬಿನ ಪರೀಕ್ಷೆ

ಮೊದಲಿನಿಂದ ಹೇಳಬೇಕೆಂದರೆ ಮುಳಗುಂದದಿಂದ ಹೇಳಬೇಕು. ಅದು ನನ್ನ ತವರು. ಎಪ್ಪತ್ತರ ಆಚೀಚೆ ಇವರು ಅಲ್ಲಿಗೆ ಕನ್ಯಾ ನೋಡಲು ಬಂದರು.

ಚಕ್ಕಲಿ ಕೊಟ್ಟರೆ ಹೆಬ್ಬೆರಳಿನಿಂದ ಒತ್ತಿ ಚೂರು ಮಾಡಿದರು. ಉಂಡಿ ಕೊಟ್ಟರೆ ಪುಡಿ ಮಾಡಿದರು. ಎಲ್ಲವನ್ನೂ ಬಾಯಿಯ ಮೂಲೆಯಿಂದ ಒಳಗೆ ಕಳಿಸಿ ದವಡೆಯಲ್ಲೇ ಅಗಿದರು. ಬಾಗಿಲ ಮರೆಯಲ್ಲಿ ನಿಂತಿದ್ದ ನನ್ನ ಸೋದರತ್ತೆ ಇದನ್ನು ನೋಡಿ ಅಪ್ಪನನ್ನು ಒಳಗೆ ಕರೆದಳು.

"ಅಣ್ಣಾ, ಹುಡುಗನ ಮುಂದಿನ ಹಲ್ಲು ಕಟ್ಟಿಸಿದ್ದಾವು. ತಿನ್ನೂದನ್ನ ಅವಕ್ಕ ಮುಟ್ಟಿಸವಲ್ಲ ನೋಡು."

"ಅದನ್ನ ಹ್ಯಾಂಗ ಕೇಳೂದವ್ವಾ?"

"ನೀ ಕೇಳಬ್ಯಾಡ. ನಾ ನೋಡ್ತೀನಿ."

ಅತ್ತೆ ಹಿತ್ತಲಿಗೆ ಹೋಗಿ ಒಂದು ಕಬ್ಬು ಮುರಿದು ತಂದು ಇವರ ಕೈಗೆ ಕೊಟ್ಟಳು. "ತಗೊಳ್ರೆಪಾ, ನಮ್ಮ ಹಿತ್ತಲದ ಕಬ್ಬು. ಹಲ್ಲಿಲೇ ಸಿಗದು ತಿನ್ನಬೇಕು ನೋಡ್ರಿ, ಆವಾಗ ರುಚಿ."

ಇವರು ಕಬ್ಬನ್ನು ಮೇಲಿಂದ ಕೆಳಗೆ ನೋಡಿದರು. ಕಿಸೆಯಿಂದ ರೀಡು ಕೆರೆಯುವ ಸಣ್ಣ ಚಾಕು ತೆಗೆದರು. ಸಿಪ್ಪೆ ಹೆರೆದು ತುಂಡು ಮಾಡಿ ತಟ್ಟೆಯಲ್ಲಿ ಜೋಡಿಸಿ, "ಮದ್ಲ ನೀವು ತಗೊಳ್ರಿ ಅತ್ತಿ" ಎಂದು ಮುಂದೆ ಹಿಡಿದರು.

ಅತ್ತೆಗೆ ತಡೆಯಲಾಗಲಿಲ್ಲ. "ಯಾಕ್ರೀ, ನಿಮಗ ಹಲ್ಲಿಲ್ಲೇನು?"

ಇವರು ಬಾಯಿ ಅಗಲಿಸಿ ತೋರಿಸಿದರು. ತೊಳೆದಿಟ್ಟ ಮುತ್ತಿನಂಥ ಸಾಲು. "ಅದಾವ್ರಿ. ಆದರ ಇವು ತಿನ್ನೋ ಹಲ್ಲಲ್ಲ, ದುಡಿಯೋ ಹಲ್ಲು. ತಿನ್ನೋವು ಹಿಂದ ಕುಂತಾವು."

ಅತ್ತೆ ಒಳಗೆ ಬಂದು ನನಗೆ ಹೇಳಿದಳು: "ಇಂವನ್ನ ಮಾಡ್ಕೊ. ಹಲ್ಲಿಗೆ ಇಷ್ಟು ಮರ್ಯಾದಿ ಕೊಡಾಂವ ಹೆಂಡತಿಗೂ ಕೊಟ್ಟಾನು."

ಕೊಟ್ಟರು. ಆದರೆ ಹಲ್ಲಿನ ನಂತರ.

ಪತ್ತಾರನ ಲೆಕ್ಕ

ಅಡರಕಟ್ಟಿಯಲ್ಲಿ ಒಂದು ಮದುವೆಯ ಊಟದಲ್ಲಿ ಅನ್ನದೊಳಗೆ ಹರಳು ಬಂದು ಇವರ ಕೆಳಗಿನ ಮುಂದಿನ ಹಲ್ಲಿನ ತುದಿ ಹಾರಿತು. ಬೇರೆಯವರಿಗಾದರೆ ಅದು ಲೆಕ್ಕಕ್ಕೇ ಇಲ್ಲದ ಸಂಗತಿ. ಇವರಿಗೆ ಮಾತ್ರ ಮಡಚಿದ ತುಟಿಯ ಕೆಳಗೆ ಬ್ಲೇಡು ಇಟ್ಟಂತಾಯಿತು. ಪ್ರತಿ ಮೆರವಣಿಗೆಯಿಂದಲೂ ತುಟಿ ಕೊಯ್ದುಕೊಂಡು ಬರುತ್ತಿದ್ದರು. ರೀಡಿನ ಮೇಲೆ ರಕ್ತ.

"ದವಾಖಾನಿಗೆ ಹೋಗ್ರಿ" ಎಂದೆ.

"ಹ್ವಾದರ ಕೀಳತೇನಿ ಅಂತಾರ. ನನಗ ಕೀಳೂದು ಬ್ಯಾಡ, ತಿಕ್ಕೂದು ಬೇಕು."

ಹೀಗೆಂದು ನಮ್ಮ ಓಣಿಯ ಪತ್ತಾರನ ಅಂಗಡಿಗೆ ಹೋದರು. ಮೂಗುಬಟ್ಟು, ಬೆಂಡ್ವಾಲಿ ಮಾಡುವುದರಲ್ಲಿ ಆತನ ಕೈ ಬಹಳ ಸೂಕ್ಷ್ಮ. ಇವರು ಒತ್ತಾಯ ಮಾಡಿದ್ದರಿಂದ ನಾನೂ ಜೊತೆಗೆ ಹೋಗಿ ಕಟ್ಟೆಯ ಮೇಲೆ ಕುಳಿತಿದ್ದೆ.

ಪತ್ತಾರ ಇವರ ತಲೆಯನ್ನು ತನ್ನ ಮೊಣಕಾಲುಗಳ ನಡುವೆ ಹಿಡಿದು, ಕನ್ನಡಕ ಏರಿಸಿ, ಬಂಗಾರ ತಿಕ್ಕುವ ಸಣ್ಣ ಅರವನ್ನು ಸುಡುನೀರಿನಲ್ಲಿ ತೊಳೆದು ಕೆಲಸ ಶುರು ಮಾಡಿದ.

"ಆ... ಆ..." ಎಂದರು ಇವರು.

"ಸುಮ್ಮನಿರ್ರಿ ಮಾಸ್ತರ. ಇಷ್ಟು ವರ್ಷದಾಗ ಒಂದು ಬಂಗಾರ ನನ್ನ ಕೂಡ ಮಾತಾಡಿಲ್ಲ."

ತಿಕ್ಕುವುದು, ಉಗುರಿನಿಂದ ಸವರಿ ನೋಡುವುದು, ಮತ್ತೆ ತಿಕ್ಕುವುದು. ಕೊನೆಗೆ ತುಟಿ ಮಡಚಿ ನೋಡಿದ ಇವರ ಮುಖ ಅರಳಿತು. ಮೊದಲಿನ ಹಾಸಿಗೆ ಸಿಕ್ಕಿತ್ತು. ಎದ್ದು ಹೊರಡಬೇಕು, ಪತ್ತಾರ ತಡೆದ. ಗದ್ದದ ಕೆಳಗೆ ಹಾಸಿದ್ದ ಕಾಗದದ ಮೇಲಿನ ಹಲ್ಲಿನ ಪುಡಿಯನ್ನು ಕುಂಚದಿಂದ ಒಂದೆಡೆ ಗುಡಿಸಿ, ಪೊಟ್ಟಣ ಕಟ್ಟಿ ಇವರ ಕೈಗೆ ಕೊಟ್ಟ.

"ಇದೇನೋ?"

"ನಿಮ್ಮ ಮಾಲು. ಕಣ್ಣಿಲೇ ನೋಡಿ ತಗೊಳ್ರಿ. ಅಕ್ಕೋರೂ ಇದ್ದಾರ, ಸಾಕ್ಷಿ ಆತು. ನಾಳೆ ಪತ್ತಾರ ಹಲ್ಲಿನಾಗೂ ಒಂದೀಟು ಹೊಡಕೊಂಡ ಅಂತ ಊರಾಗ ಮಾತು ಬರಬಾರದು."

ಆ ಪೊಟ್ಟಣವನ್ನು ನಾನು ಎಲ್ಲಿಯೋ ಇಟ್ಟಿದ್ದೆ. ಮೊನ್ನೆ ಟ್ರಂಕನ್ನೆಲ್ಲ ತೆಗೆದು ಹುಡುಕಿದೆ. ಸಿಗಲಿಲ್ಲ.

ಶಿರಹಟ್ಟಿಯ ಪಂಕ್ಚರು

ಮಗಳು ಪ್ರಾಥಮಿಕ ಶಾಲೆ ಮುಗಿಸುವ ಹೊತ್ತಿಗೆ ಮೇಲಿನ ಹಲ್ಲು ಸಡಿಲಾಗತೊಡಗಿದವು. ಸ್ವರ ಏರಿದಾಗ ವಾದ್ಯದ ನಡುಕ ಹಲ್ಲಿಗೆ ತಾಗಿ ತಲೆಯವರೆಗೂ ಝುಂ ಎನ್ನುತ್ತಿತ್ತಂತೆ. ಶಿರಹಟ್ಟಿಯಲ್ಲಿ ಒಂದು ಮೆರವಣಿಗೆಯ ನಡುವೆ ಇದು ತಡೆಯಲಾಗದಷ್ಟಾಯಿತು. ಎದುರಿಗೇ ಸೈಕಲ್ ಅಂಗಡಿ. ಮೂತಿಯ ಮೇಲೆ ಹಲ್ಲು ಊರುವ ಜಾಗಕ್ಕೆ ಒಂದು ರಬ್ಬರಿನ ತುಂಡು ಅಂಟಿಸಿದರೆ ನಡುಕ ತಾಗುವುದಿಲ್ಲ ಎಂಬ ಯೋಚನೆ ಇವರಿಗೆ ಹೊಳೆಯಿತು. ಇದನ್ನು ಅವರೇ ನನಗೆ ಹೇಳಿದ್ದು, ಹೇಳಿದಂತೆಯೇ ಬರೆಯುತ್ತೇನೆ.

ಅಂಗಡಿಯವನು ಬಹಳ ನಿಷ್ಠೆಯಿಂದ ಹಳೆಯ ಟ್ಯೂಬು ಕತ್ತರಿಸಿದ, ಉಜ್ಜಿದ, ಸೊಲ್ಯೂಶನ್ ಹಚ್ಚಿದ, ಅಂಟಿಸಿ ಗುದ್ದಿದ. ಇವರು ಕೈ ಚಾಚಿದರೆ ಕೊಡಲಿಲ್ಲ.

"ತಡೀರಿ. ನೋಡದ ಹ್ಯಾಂಗ ಕೊಡ್ಲಿ?"

ಮೂತಿಯ ತುದಿಯನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಇನ್ನೊಂದು ಕಡೆಯಿಂದ ಊದಿದ. ಗುಳುಗುಳು ಎಂದು ಗುಳ್ಳೆ ಎದ್ದವು. ಅವನ ಮುಖ ಇಳಿಯಿತು.

"ಗಾಳಿ ಹೊಂಟೈತ್ರಿ ಮಾಸ್ತರ. ಇಲ್ಲಿ ಬಾಯಿ ಬಿಟ್ಟೈತಿ ನೋಡ್ರಿ, ಎಷ್ಟು ದೊಡ್ಡದು! ಅಲ್ಲೂ ಒಂದು ತುಂಡು ಹಚ್ಚತೇನಿ."

"ಅದನ್ನ ಮುಚ್ಚಿದರ ನಾ ಏನ ಊದಲೋ ಮಾರಾಯಾ?"

"ಊದೂದು ನಿಮ್ಮ ಕೆಲಸ. ಗಾಳಿ ಬಿಟ್ಟು ಕಳಿಸಿದರ ನನ್ನ ಅಂಗಡಿ ಹೆಸರು ಕೆಡತೈತಿ."

ಮೆರವಣಿಗೆ ಮುಂದಿನ ಓಣಿ ಮುಟ್ಟಿದ್ದರೂ ಇವರು ಮೂತಿ ಬಿಡಿಸಿಕೊಳ್ಳಲು ಜಗ್ಗಾಡುತ್ತಲೇ ಇದ್ದರಂತೆ.

ಪಾಳಿ

ಮೇಲಿನ ಸಾಲಿನ ಮೊದಲ ಹಲ್ಲು ಬಿದ್ದದ್ದು ಯಾವ ಮೆರವಣಿಗೆಯಲ್ಲೂ ಅಲ್ಲ, ಮನೆಯಲ್ಲಿ, ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ. ಇವರು ಅದನ್ನು ಅಂಗೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಬಚ್ಚಲ ಬಾಗಿಲಲ್ಲಿ ನಿಂತಿದ್ದರು. ಒಳಗೆ ಮಗಳು ಪಾಠ ಓದುತ್ತಿದ್ದಳು. ಇನ್ನೂ ಹೈಸ್ಕೂಲು.

"ನಿನ್ನ ಸಾಲ್ಯಾಗಿನ ಹುಡುಗೂರು ಹಲ್ಲು ಬಿದ್ರ ಏನ ಮಾಡ್ತಾವ?"

"ಸೆಗಣಿಯಾಗ ಇಟ್ಟು ಮಾಳಿಗಿ ಮ್ಯಾಲೆ ಒಗೀತಾವ."

"ಬರ್ತಾವಲ್ಲ ಮತ್ತ?"

"ಅವಕ್ಕ ಬರ್ತಾವ್ರಿ" ಎಂದೆ.

ಚೇಷ್ಟೆಗೆ ಕೇಳಿದರೆಂದು ತಿಳಿದು ಒಳಗೆ ಹೋದೆ. ಹೊರಗೆ ಬಂದು ನೋಡಿದರೆ, ಎದುರು ಮನೆಯ ಎಮ್ಮೆಯ ಸೆಗಣಿಯನ್ನು ಉಂಡೆ ಮಾಡಿ ಮಾಳಿಗೆಯ ಮೇಲೆ ಒಗೆದೇಬಿಟ್ಟಿದ್ದರು. ನಮ್ಮ ಮಾಳಿಗೆಗೆ ಪಕ್ಕದ ಮನೆಯ ಮಾಳಿಗೆ ಕೂಡಿಕೊಂಡಿದೆ. ಪಕ್ಕದ ಮನೆಯ ಅಜ್ಜಿ ಮೇಲೆ ಶಾವಿಗೆ ಒಣಹಾಕುತ್ತ ಕುಳಿತಿದ್ದಳು.

"ಯಾವನಲೇ ಅಂವ ಸೆಗಣಿ ಒಗದಾಂವ?"

"ನಾನಬೇ ಅಜ್ಜಿ."

"ನಿನಗೇನ ಧಾಡಿ ಬಡೀತು?"

"ಹಲ್ಲು ಬಿತ್ತಬೇ. ಮ್ಯಾಲಿಂದು. ಮುಂದಿಂದು."

ಆಮೇಲೆ ಅಜ್ಜಿಯ ಬೋಳು ಬಾಯಿ ಗೋಡೆಯ ಅಂಚಿನಲ್ಲಿ ಕಾಣಿಸಿತು.

"ಆತು ಬಿಡು. ಆದರ ಪಾಳಿ ಹಚ್ಚಬೇಕು ನೋಡು ತಮ್ಮಾ. ನನ್ನವು ಎಲ್ಲಾ ಇಲ್ಲೇ ಒಗದೀನಿ. ಒಂದೂ ಇನ್ನಾ ಬಂದಿಲ್ಲ."

ಗದಗಿನ ಹಲ್ಲಿನ ದವಾಖಾನೆ

ಉಳಿದವೂ ಒಂದೊಂದಾಗಿ ಹೋದ ಮೇಲೆ ಮೇಲಿನ ಸಾಲು ಪೂರ್ತಿ ಕಟ್ಟಿಸುವುದೆಂದು ತೀರ್ಮಾನವಾಯಿತು. ಗದಗಿನ ಹಲ್ಲಿನ ಡಾಕ್ಟರು ಅಚ್ಚು ತೆಗೆದು, ಮೇಣದಲ್ಲಿ ಹಲ್ಲು ಕೂಡಿಸಿ, ಬಾಯಲ್ಲಿ ಇಟ್ಟು ನೋಡಲು ಕರೆದರು.

"ಕಚ್ಚಿ ನೋಡ್ರಿ. ಮಾತಾಡಿ ನೋಡ್ರಿ" ಎಂದರು ಡಾಕ್ಟರು.

"ಅವೆರಡೂ ಆಮ್ಯಾಲೆ" ಎಂದು ಇವರು ಕುರ್ಚಿಯ ಪಕ್ಕದಲ್ಲಿಟ್ಟಿದ್ದ ಪೆಟ್ಟಿಗೆ ತೆರೆದು ಕ್ಲಾರಿಯೋನೆಟ್ ಜೋಡಿಸಿದರು.

ಮೇಣದ ಹಲ್ಲು ಮೂತಿಯ ಮೇಲೆ ನಿಲ್ಲಲಿಲ್ಲ. ಬಂದದ್ದು ಸ್ವರವಲ್ಲ, ಕೊರಳು ಹಿಚುಕಿದಂಥ ಒಂದು ಚೀತ್ಕಾರ. ಡಾಕ್ಟರು ಮೇಣ ತಿದ್ದಿದರು. ಇನ್ನೊಂದು ಚೀತ್ಕಾರ, ಮೊದಲಿನದಕ್ಕಿಂತ ಉದ್ದ. ಮತ್ತೆ ತಿದ್ದಿದರು. ಮೂರನೆಯದಂತೂ ನಾನು ಕಿವಿ ಮುಚ್ಚಿಕೊಳ್ಳುವಂತಿತ್ತು.

ಕೊನೆಗೆ ಡಾಕ್ಟರು ಬೆವರು ಒರೆಸಿಕೊಂಡು, "ಮುಂದಿನವರನ್ನ ಕಳಿಸು" ಎಂದು ಬಾಗಿಲು ತೆರೆದರು. ಹೊರಗೆ ಬೆಂಚಿನ ಮೇಲೆ ಯಾರೂ ಇರಲಿಲ್ಲ. ಕೆಳಗೆ ಒಂದೇ ಒಂದು ಚಪ್ಪಲಿ ಬಿದ್ದಿತ್ತು.

"ಎಲ್ಲಾರೂ ಎಲ್ಲಿ ಹ್ವಾದ್ರೋ?"

ಕಂಪೌಂಡರ್ ಹೇಳಿದ: "ಸಿಂಗಟಾಲೂರಿನ ಗೌಡರು ಕೇಳಿದರ್ರಿ, ಒಳಗಿನವಂದು ಎಷ್ಟು ಹಲ್ಲು ಕೀಳಾಕತ್ತಾರ ಅಂತ. ನಾ ಅಂದೆ, ಕೀಳವಲ್ರು, ಹಚ್ಚಾಕತ್ತಾರ. 'ಹಚ್ಚಾಕ ಇಷ್ಟು ಒದರಿದರ ಕೀಳಾಕ ಹ್ಯಾಂಗೋ ಯಪ್ಪಾ' ಅಂದವರ ಇಳದು ಓಡಿದರ್ರಿ. ಅವರ ಹಿಂದ ಎಲ್ಲಾರೂ."

ಮುಂಡರಗಿಯಲ್ಲಿ

ಕಟ್ಟಿಸಿದ ಹಲ್ಲು ನೋಡಲು ಚೆಂದವಾಗಿದ್ದವು. ಮಾತಿಗೆ ಬಂದವು, ಊಟಕ್ಕೆ ಬಂದವು. ಊದುವುದಕ್ಕೆ ಮಾತ್ರ ಬರಲಿಲ್ಲ. ವಾದ್ಯದ ಭಾರ ಬಿದ್ದಾಗ ಮುಂದೆ ಒತ್ತಿಹೋಗಿ ಹಿಂದೆ ಕಳಚಿಕೊಳ್ಳುತ್ತಿದ್ದವು. ಮುಂಡರಗಿಯ ಒಂದು ಮೆರವಣಿಗೆಯಲ್ಲಿ ಇವರು ಹಟದಿಂದ ಪೂರ್ತಿ ಒಂದು ಹಾಡು ಊದಿ ಮುಗಿಸಿ ವಾದ್ಯವನ್ನು ಕೆಳಗಿಳಿಸಿದರು. ಹಲ್ಲೂ ಮೂತಿಯನ್ನು ಬಿಗಿಯಾಗಿ ಹಿಡಿದುಕೊಂಡು ಜೊತೆಗೇ ಬಂದವು.

ಕಟ್ಟೆಯ ಮೇಲೆ ಕುಳಿತಿದ್ದ ಒಬ್ಬ ಮುದುಕಿ ಚೀರಿದಳಂತೆ: "ಅಯ್ಯ ಯವ್ವಾ! ಬರ್ರಿ ಜಲ್ದಿ, ವಾದ್ಯ ಮಾಸ್ತರನ್ನ ಕಚ್ಚೇತಿ!"

ಮನೆಗೆ ಬಂದು ಇದನ್ನು ಹೇಳಿ ಇವರು ಬಹಳ ನಕ್ಕರು. ನಕ್ಕು ಮುಗಿದ ಮೇಲೆ ಹಲ್ಲು ತೆಗೆದು ಬಟ್ಟಲಲ್ಲಿಟ್ಟು, ಮೇಲಿನ ತುಟಿಯನ್ನೂ ಒಳಗೆ ಮಡಚಿ, ಬರೀ ಒಸಡಿನ ಮೇಲೆ ಊದಿ ನೋಡಿದರು. ನಾನು ಒಲೆಯ ಮುಂದೆ ಇದ್ದವಳು ಎದ್ದು ಬಂದೆ. ಅಷ್ಟು ಮೆತ್ತಗಿನ ಸ್ವರವನ್ನು ಅವರ ವಾದ್ಯದಿಂದ ನಾನು ಎಂದೂ ಕೇಳಿರಲಿಲ್ಲ. ಆದರೆ ಬಹಳ ಹೊತ್ತು ನಿಲ್ಲಲಿಲ್ಲ. ತುಟಿಯ ಮೂಲೆಯಿಂದ ಗಾಳಿ ಸೋರಿತು.

"ದಮ್ಮು ಐತಿ" ಎಂದರು, "ತುಟಿ ಇಲ್ಲ."

ಮೊದಲು ಊರು ಸುತ್ತಿ ಬರುವತನಕ ಊದುತ್ತಿದ್ದವರು ಈಗ ಒಂದು ಓಣಿಗೆ ಸುಸ್ತಾಗತೊಡಗಿದರು. ಆಮೇಲೆ ಒಂದು ಹಾಡಿಗೆ. ಮೇಳದವರು ಇವರನ್ನು ಬಿಡಲಿಲ್ಲ, 'ಅಕ್ಕಿಕಾಳಿಗಷ್ಟ ಬರ್ರಿ' ಎಂದರು. ಇವರು ಬೆಳಿಗ್ಗೆ ಬೇಗ ಎದ್ದು ಪಡಸಾಲೆಯಲ್ಲಿ ಕುಳಿತು ತುಟಿ ಪಳಗಿಸುತ್ತಿದ್ದರು. ಹಾಡು ಇವತ್ತು ಎಲ್ಲಿ ಮುರಿಯುತ್ತದೆ ಎಂದು ನಾನು ಚಹಾ ಸೋಸುತ್ತ ಕೇಳುತ್ತಿದ್ದೆ. ನಿನ್ನೆಗಿಂತ ಒಂದು ಸ್ವರ ಮುಂದೆ ಹೋದರೆ ಚಹಾಕ್ಕೆ ಸ್ವಲ್ಪ ಹೆಚ್ಚು ಸಕ್ಕರೆ ಹಾಕುತ್ತಿದ್ದೆ.

ಈಗಲೂ ಆ ಹೊತ್ತಿಗೆ ಎಚ್ಚರವಾಗುತ್ತದೆ.

ಉಡಿ

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಮಗಳ ಮದುವೆ ಗೊತ್ತಾಯಿತು. ವರ ಲಕ್ಷ್ಮೇಶ್ವರದವನು. ಮದುವೆ ನಮ್ಮ ಮನೆಯ ಮುಂದಿನ ಹಂದರದಲ್ಲಿ.

ಬೀಗರ ಕಡೆಯ ಒಬ್ಬ ಹಿರಿಯರು ತಕರಾರು ತೆಗೆದರು. "ಕನ್ಯಾದ ತಂದಿ ಕೈ ಮುಗದು ನಿಂದ್ರೂದು ಬಿಟ್ಟು ಊದಕೋಂತ ನಿಂತರ ಹ್ಯಾಂಗ್ರಿ?"

ವರನ ತಾಯಿ, ನಮ್ಮ ಬೀಗತಿ, ಮಾತಿನಲ್ಲಿ ಬಹಳ ಚುರುಕು. "ಊದಲಿ ಬಿಡ್ರಿ ಕಾಕಾ. ಬೀಗರ ಬಾಯಾಗ ಅದು ಇರೂತನಕ ನಮಗ ಎದರು ಮಾತಾಡೂದಿಲ್ಲ" ಎಂದಳು.

ಧಾರೆಗೆ ಇವರು ಪೀತಾಂಬರ ಉಟ್ಟು ಶಲ್ಯ ಹೊದ್ದಿದ್ದರು. ಮೈಮೇಲೆ ಅಂಗಿ ಇಲ್ಲ, ಅಂದರೆ ಕಿಸೆಯೂ ಇಲ್ಲ. ಧಾರೆ ಮುಗಿದು ಮಂಗಳಾಷ್ಟಕ ಶುರುವಾದಾಗ ಇವರು ಆ ಕಡೆ ಮುಖ ತಿರುಗಿಸಿ ಹಲ್ಲು ತೆಗೆದು ನನ್ನ ಎಡಗೈಯಲ್ಲಿಟ್ಟರು. ನಾನು ಮುಷ್ಟಿ ಕಟ್ಟಿದೆ.

ಮಂತ್ರದ ಕೊನೆಯ 'ಸಾವಧಾನ'ಕ್ಕೆ ಸರಿಯಾಗಿ ಸಾರಂಗ ರಾಗ ಹಿಡಿದರು. ಅಕ್ಕಿಕಾಳು ಬೀಳತೊಡಗಿದವು. ನಾನು ಮಗಳನ್ನೂ ನೋಡಲಿಲ್ಲ, ಅಳಿಯನನ್ನೂ ನೋಡಲಿಲ್ಲ. ಅವರ ತುಟಿಯನ್ನೇ ನೋಡುತ್ತಿದ್ದೆ. ಬೆಳಗಿನ ಹೊತ್ತು ಮುರಿಯುತ್ತಿದ್ದ ಜಾಗ ಬಂತು, ದಾಟಿತು. ತುಟಿಯ ಮೂಲೆ ನಡುಗಿತು. ನನ್ನ ತುಟಿಯನ್ನೂ ನಾನು ಮಡಚಿ ಹಿಡಿದಿದ್ದೆ ಎಂದು ಆಮೇಲೆ ತಿಳಿಯಿತು. ಅದೇ ಹೊತ್ತಿಗೆ ಯಾರೋ ಮೊಣಕೈ ಹಿಡಿದು ಅಲುಗಾಡಿಸಿದರು.

"ಅಕ್ಕೋರ, ಬೀಗತಿ ಉಡಿ ತುಂಬ್ರಿ. ಪಾಪ, ನಿಂತಾರ."

ಬೀಗತಿ ನನ್ನೆದುರು ಸೆರಗು ಒಡ್ಡಿ ನಿಂತಿದ್ದಳು. ಉಡಿಯನ್ನು ಎರಡೂ ಕೈಯಿಂದ ತುಂಬಬೇಕು. ಬೊಗಸೆಯಲ್ಲಿ ಅಕ್ಕಿ ತೆಗೆದು ತುಂಬಿದೆ. ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣ ಬೇರು ಎಲ್ಲವನ್ನೂ ಹಾಕಿದೆ. ಕಣ್ಣು ಮಾತ್ರ ಆ ಕಡೆಯೇ ಇತ್ತು. ಆಕೆ ಗಂಟು ಕಟ್ಟಿಕೊಂಡು ಹೋದಳು. ಇವರು ಹಾಡನ್ನು ಎಲ್ಲಿಯೂ ಮುರಿಯದೆ ತಂದು ಮುಗಿಸಿ ವಾದ್ಯ ಕೆಳಗಿಟ್ಟರು. ತುಟಿ ಬಾತು ಕೆಂಪಾಗಿತ್ತು. ಹಲ್ಲು ಮೊದಲೇ ಬಿದ್ದಿದ್ದರೂ ಪಂದ್ಯ ಗೆದ್ದಿದ್ದರು.

ಸೀದಾ ನನ್ನ ಹತ್ತಿರ ಬಂದು ಕೈ ಒಡ್ಡಿದರು. "ಕೊಡು ಜಲ್ದಿ, ಬೀಗರ ಪಂಕ್ತಿ ಕುಂಡ್ರಾಕತ್ತೈತಿ."

ನಾನು ಎಡಗೈ ಬಿಚ್ಚಿದೆ. ಅಲ್ಲಿ ನಾಲ್ಕು ಅಕ್ಕಿಕಾಳು ಇದ್ದವು.

"ಎಲ್ಲಿ?"

"ಉಡಿಯಾಗ."

"ಯಾರ ಉಡಿಯಾಗ?"

ನಾನು ಕಣ್ಣಿನಿಂದ ತೋರಿಸಿದೆ.

ತುಂಬಿದ ಉಡಿಯನ್ನು ವಾಪಸು ಕೇಳುವ ಪದ್ಧತಿ ಎಲ್ಲಿಯೂ ಇಲ್ಲ. ಅದನ್ನು ಮನೆಗೆ ಒಯ್ದು ದೇವರ ಮುಂದೆಯೇ ಬಿಚ್ಚಬೇಕು. ಕೇಳಲು ನನಗೂ ಧೈರ್ಯ ಬರಲಿಲ್ಲ, ಇವರಿಗೂ ಬರಲಿಲ್ಲ. ಇವರು ಶಲ್ಯದ ತುದಿಯನ್ನು ಬಾಯಿಗೆ ಹಿಡಿದು ಬರೀ ಗೋಧಿ ಹುಗ್ಗಿ ಉಂಡು, ಕೇಳಿದ್ದಕ್ಕೆಲ್ಲ ತಲೆ ಅಲ್ಲಾಡಿಸಿದರು. "ಎಷ್ಟು ಸಂಭಾವಿತ ಬೀಗರು!" ಎಂದು ತಕರಾರು ತೆಗೆದಿದ್ದ ಹಿರಿಯರೇ ಹೊಗಳಿ ಬಸ್ಸು ಹತ್ತಿದರು. ಹಲ್ಲು ಲಕ್ಷ್ಮೇಶ್ವರಕ್ಕೆ ಹೋದವು.

ಕೆಲವು ದಿನಗಳ ಮೇಲೆ ಬೀಗತಿ ಮಗಳನ್ನು ಕರೆದುಕೊಂಡು ಬಂದಳು. ಕೈಯಲ್ಲಿ ಒಂದು ತಟ್ಟೆ, ಮೇಲೆ ಕುಪ್ಪಸದ ಖಣ ಮುಚ್ಚಿತ್ತು. ಖಣ ತೆಗೆದಳು. ಹಲ್ಲಿನ ಸಾಲಿಗೆ ಅರಿಶಿಣ ಬಳಿದು, ನಡುವೆ ಕುಂಕುಮ ಇಟ್ಟಿತ್ತು.

"ಉಡಿ ಬಿಚ್ಚಿದಾಗ ಕೊಬ್ಬರಿ ಬಟ್ಟಲದಾಗ ಕುಂತಿದ್ವು ಅಕ್ಕೋರ. ನಮ್ಮತ್ತಿ ಅಂದ್ರು, 'ಗದಗಿನ ಕಡೆ ಪದ್ಧತಿ ಇರಬೇಕು, ಸುಮ್ಮನ ಪೂಜಿ ಮಾಡು.' ಆರತಿ ಸೈತ ಮಾಡೀವಿ. ನಿಮ್ಮ ಮಗಳು ಸೆರಗು ಬಾಯಾಗ ತುರಕೊಂಡು ನಕ್ಕಾಗ ನಮಗ ಖಬರ ಆತು."

ನನಗೆ ನೆಲ ಬಾಯಿಬಿಡಬಾರದೇ ಎನಿಸಿತು. ಆಕೆ ಇವರ ಕಡೆ ತಿರುಗಿದಳು.

"ಏನ್ರೀ ಬೀಗರ, ಮಗಳನ್ನ ಕೊಟ್ರಿ, ಹಲ್ಲೂ ಕೊಟ್ರಿ. ಇನ್ನ ಈ ಮನ್ಯಾಗ ಏನ ಉಳಿಸಿಕೊಂಡೀರಿ?"

ಇವರು ಹಲ್ಲಿಲ್ಲದ ಬಾಯಲ್ಲಿ ನಕ್ಕರು. "ಉಸರೊಂದು ಉಳದೈತ್ರಿ ಬೀಗತೀ. ಬೇಕಂದ್ರ ಈಗ ಪೆಟ್ಟಿಗಿ ತಗೀತೀನಿ."

"ತಗೀರಿ, ಅದಕ್ಕ ಬಂದೀನಿ" ಎಂದು ಬೀಗತಿ ಪಡಸಾಲೆಯಲ್ಲಿ ಕುಳಿತಳು. ಇವರು ಪೆಟ್ಟಿಗೆಗೆ ಕೈ ಹಾಕುತ್ತ ಹಲ್ಲಿನ ತಟ್ಟೆಯನ್ನು ನನ್ನ ಕಡೆ ಚಾಚಿದರು. ಬೀಗತಿ ಗಡಬಡಿಸಿ ಎದ್ದು ನಡುವೆ ಕೈ ಅಡ್ಡ ಹಾಕಿದಳು.

"ಅಯ್ಯ, ಎಲ್ಲಾ ಬಿಟ್ಟು ಅಕ್ಕೋರ ಕೈಯಾಗ ಕೊಡತೀರಲ್ರೀ! ಈ ಸಲ ಯಾರ ಉಡಿಗೆ ಹಾಕ್ತಾರೋ!"